ಬದುಕಿದ ಮಗುವಿನ ಪಾಲು

“ದೋಣಿ ಇಲ್ದಿದ್ರೆ ಏನಾಗ್ತಿತ್ತು ಅಂತ ಮಾತ್ರ ಹೇಳಮ್ಮ, ಸಾಕು.” ಮಾತು ರೆಕಾರ್ಡ್ ಮಾಡುತ್ತಿದ್ದ ಫೋನನ್ನು ಒಬುರಾ ಅವಳಿಗೆ ಇನ್ನಷ್ಟು ಹತ್ತಿರ ಹಿಡಿದ.

“ದೋಣಿ ಇತ್ತಲ್ಲ,” ಎಂದಳು ಅವಿನೊ. ಅವಳ ತೊಡೆಯ ಮೇಲಿನ ಮಗು ಎಣ್ಣೆಯಲ್ಲಿ ಕರಿದ ಮಂದಾಜಿ ರೊಟ್ಟಿಯ ಚೂರೊಂದನ್ನು ಚೀಪುತ್ತಿತ್ತು.

“ಇರ್ಲಿಲ್ಲ ಅಂದ್ಕೊಳ್ಳಮ್ಮ.”

“ಯಾಕೆ ಅಂದ್ಕೊಳ್ಲಿ, ಸಾರ್?”

ಸರೋವರದ ಕಡೆಯಿಂದ ಒಣಮೀನಿನ ವಾಸನೆ ಬರುತ್ತಿತ್ತು. ಒಬುರಾ ಬೆಳಿಗ್ಗೆಯಷ್ಟೆ ಕಿಸುಮು ಪಟ್ಟಣದಿಂದ ಬಂದಿದ್ದ. ಅಮೆರಿಕದ ದಾನಿಯೊಬ್ಬ ಕೊಟ್ಟ ಹಣ ಯಾರಿಗೆ ಸೇರಬೇಕೆಂದು ಆರಿಸುವ ನಿಧಿ ಸಂಸ್ಥೆಯೊಂದರಲ್ಲಿ ಅವನಿಗೆ ಕೆಲಸ. ಆ ಹಣದಲ್ಲಿ ಈ ದಡದ ಹೆಂಗಸರು, ಅಕೆಯೊ ಎಂಬವಳ ಮುಂದಾಳ್ತನದಲ್ಲಿ, ಬಸುರಿಯರನ್ನು ಆಸ್ಪತ್ರೆಗೆ ಸಾಗಿಸುವ ಮೋಟಾರು ದೋಣಿ ನಡೆಸುತ್ತಿದ್ದರು. ಹೋದ ವರ್ಷ ಬದುಕಿಕೊಂಡ ಮಕ್ಕಳನ್ನೆಲ್ಲ ದಾನಿ ತಾನೇ ಉಳಿಸಿದ್ದೆಂದು ತನ್ನ ಹೆಸರಿಗೆ ಬರೆದುಕೊಂಡಿದ್ದ. ನಿಧಿಯೂ ಬರೆದುಕೊಂಡಿತ್ತು. ಹೆಂಗಸರೂ. ಒಂದೇ ಮಗುವನ್ನು ಮೂವರೂ ಉಳಿಸಿದ್ದು ಹೇಗೆ, ಯಾರ ಪಾಲು ಎಷ್ಟು, ವಿಚಾರಿಸಿಕೊಂಡು ಬಾ ಎಂದು ಅವನನ್ನು ಕಳಿಸಿದ್ದರು. ದೋಣಿಯ ಪಾಲು ರುಜುವಾತಾಗದಿದ್ದರೆ ಮುಂದಿನ ವರ್ಷ ದೋಣಿಯಿಲ್ಲ.

ಬರುವಾಗ ಸುಲಭವೆನಿಸಿತ್ತು. ಹಣವಿಲ್ಲದಿದ್ದರೆ ಮಗು ಸಾಯುತ್ತಿತ್ತು. ಹಾಗಾದರೆ ಇಡೀ ಮಗು ದಾನಿಯದು. ನಿಧಿ ಈ ದಡವನ್ನು ಆರಿಸದಿದ್ದರೂ ಸಾಯುತ್ತಿತ್ತು. ಇಡೀ ಮಗು ನಿಧಿಯದು. ಹೆಂಗಸರು ಸರೋವರದ ಅಲೆಗಳಲ್ಲಿ ದೋಣಿ ಬಿಡದಿದ್ದರೂ ಅಷ್ಟೆ. ಪಾಲು ಬೇಕೆಂದರೆ ಪ್ರತಿಯೊಬ್ಬರೂ ಮಗುವನ್ನು ಲೆಕ್ಕದಲ್ಲಿ ಒಮ್ಮೆ ಪೂರ್ತಿಯಾಗಿ ಕೊಲ್ಲಬೇಕಿತ್ತು. ಹೀಗೆ ಮೂರು ಸಲ ಸತ್ತ ಮಗು ಎದುರಿಗೇ ಕೂತು ಜೊಲ್ಲು ಸುರಿಸುತ್ತಿತ್ತು.

ಮತ್ತೆ ತನ್ನ ಪಾಲು? ತಾನು ಬರದಿದ್ದರೆ ಇನ್ನೊಬ್ಬ ಬಂದು ಇದೇ ಸ್ಟೂಲಿನ ಮೇಲೆ ಕೂತು ಇದನ್ನೇ ಕೇಳುತ್ತಿದ್ದ. ಈಗ ಕೂತಿರುವವನು ಆ ಇನ್ನೊಬ್ಬನೇ ಎಂದು ಒಬುರಾನಿಗೆ ಒಂದು ಗಳಿಗೆ ಅನಿಸಿತು.

ಅಕೆಯೊ ಬಾಗಿಲಿಗೆ ಒರಗಿ ನಿಂತಿದ್ದಳು. “ಹೇಳ್ಬಿಡೇ ತಾಯಿ, ಒಂದು ಮಾತು. ಮೊನ್ನೆ ನಿನ್ನ ನಾದಿನಿ ಮದುವೆ ಆಯ್ತು. ನಾಳೆ ಅವಳಿಗೆ ಹೆರಿಗೆ ನೋವು ಬಂದ್ರೆ ಈಜ್ಕೊಂಡು ಹೋಗು ಅಂತೀಯಾ?”

“ಮಗೂ ಎದುರಿಗೆ ಸಾವಿನ ಮಾತು ನಾನಾಡಲ್ಲ. ನೀನೇ ಆಡು ಅಕ್ಕ.”

“ನನ್ನ ಬಾಯಲ್ಲೂ ಬರಲ್ವೇ. ದೋಣೀಲೇ ಇವನ ಹೊಕ್ಕುಳಬಳ್ಳಿ ಕಟ್ಟಿದೋಳು ನಾನು.”

“ಮಗೂನ ಹೊರಗೆ ಬಿಟ್ಟು ಬರೋಣ್ವಾ?” ಎಂದ ಒಬುರಾ.

“ಹೊರಗೆ ಬಿಟ್ರೆ ಬೇರೆಯವರ ಮಗು ಆಗ್ಬಿಡುತ್ತಾ ಸಾರ್?”

ಅಕೆಯೊ ನಕ್ಕಳು. ನಗು ಬೇಗ ಮುಗಿಯಿತು. “ನೀವೇ ಹೇಳ್ಬಿಡಿ, ನನ್ನಪ್ಪಾ. ನಮ್ಮ ಬಾಯಲ್ಲಿ ಬಂದ್ರೆ ಮಗೂಗೆ ತಟ್ಟುತ್ತೆ. ನೀವು ಆಫೀಸಿನೋರು. ನಿಮ್ಮ ಮಾತು ಯಾರಿಗೂ ತಟ್ಟಲ್ಲ. ಇವಳು ಹೂಂ ಅಂತಾಳೆ.”

ಅವಿನೊ ತಲೆ ತಗ್ಗಿಸಿದಳು. ಇಲ್ಲ ಎನ್ನಲಿಲ್ಲ.

ಫೋನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು. ಒಬುರಾ ಗಂಟಲು ಸರಿಮಾಡಿಕೊಂಡು ಬಾಯಿ ತೆರೆದ. ಮಗು ಚೀಪುವುದನ್ನು ನಿಲ್ಲಿಸಿ ಅವನ ತುಟಿಗಳನ್ನೇ ನೋಡಿತು. ಏನೋ ತಿನ್ನಿಸಲು ಬಂದವನೆಂದುಕೊಂಡಿತೋ ಏನೋ, ತಾನೂ ಅಗಲವಾಗಿ ಬಾಯಿ ತೆರೆದು ಅವನ ಕಡೆಗೆ ವಾಲಿತು. ಒಳಗೆ ಒಂದೇ ಒಂದು ಹಲ್ಲು. ಅದರ ಹಿಂದೆ ಕತ್ತಲೆ.