ಹಣೆಗೆ ಮುಟ್ಟದ ಮೂರು ಬೆರಳು

ಕಂಪ್ಯೂಟರಿನ ಬಾಣ ಅವ್ವನ ಕೆನ್ನೆಯ ಮೇಲೆ ಓಡಾಡುತ್ತಿದೆ, ನೊಣ ಕೂತ ಹಾಗೆ, ಕೈ ಬೀಸಿ ಓಡಿಸಬೇಕು ಅನಿಸುತ್ತದೆ — ಅದು ನಿಂತಲ್ಲೆಲ್ಲ ಚರ್ಮ ನುಣ್ಣಗಾಗುತ್ತದೆ, ಒಂದು ಸುಕ್ಕು ಹೋಯಿತು, ಇನ್ನೊಂದು ಹೋಯಿತು, ಬಾಯಿಯ ಪಕ್ಕದ ಆ ಆಳವಾದ ಗೆರೆ, ನನಗೆ ಬೈದು ಬೈದೇ ಬಿದ್ದದ್ದು ಅದು, ಅದೂ ಹೋಯಿತು, ಸ್ಟುಡಿಯೋದ ಅರ್ಷದ ಇಸ್ತ್ರಿ ಹಾಕುವವನಂತೆ ತನ್ನ ಪಾಡಿಗೆ ತಾನು ಉಜ್ಜುತ್ತಲೇ ಇದ್ದಾನೆ, ಸಾಕಪಾ ಅರ್ಷದ, ಯಾರೀಕಿ, ನಮ್ಮವ್ವ ಅಲ್ಲ ಈಕಿ — ಅಂದೆನೋ ಬರೀ ಅಂದುಕೊಂಡೆನೋ, ಅವನು ತಿರುಗಿ ನೋಡಿದ, ಅಂದರೆ ಅಂದೇ ಇರಬೇಕು, ಅಕ್ಕಾರ, ನಿಮ್ಮ ತಮ್ಮನೋರು ಫೋನ್ ಮಾಡಿ ಹೇಳ್ಯಾರ್ರಿ, ಸ್ವಲ್ಪ ಬೆಳ್ಳಗ ಮಾಡು, ಹಿಂದ ಕೈಲಾಸ ಹಾಕು ಅಂತ. ಕೈಲಾಸವಂತೆ, ಬಾದಾಮಿಗೆ ಹೋಗಿ ಬರುವುದರೊಳಗೆ ಬಿಸಿಲಿಗೆ ಸಾಕಾಗಿ ಹೋಗುತ್ತಿದ್ದವಳ ಬೆನ್ನಿಗೆ ಹಿಮದ ಗುಡ್ಡ. ನಾಳೆ ಹುನಗುಂದದಲ್ಲಿ ತಮ್ಮ ನಾಗಲಿಂಗನ ಮನೆಯಲ್ಲಿ ತೀರಿಕೊಂಡ ಅವ್ವನ ಶಿವಗಣಾರಾಧನೆ, ಕಟ್ಟು ಹಾಕಿಸಿದ ಫೋಟೋ ತರುವ ಕೆಲಸ ನನ್ನದು, ತಮ್ಮ ಊಟ ಪೆಂಡಾಲು ನೋಡಿಕೊಳ್ಳುತ್ತಾನೆ, ನಾನು ಮುಖ ನೋಡಿಕೊಳ್ಳಬೇಕು, ಸಣ್ಣ ಕೆಲಸ ಅಂದುಕೊಂಡು ಒಪ್ಪಿದೆ. ಆದರೆ ಗೋಡೆಯ ಮೇಲೆ ಏನು ತೂಗುಹಾಕುತ್ತೇವೋ ಕೊನೆಗೆ ಅದೇ ಉಳಿಯುತ್ತದೆ, ಅಪ್ಪನದು ಹಾಗೇ ಆಯಿತು, ಇಳಕಲ್ಲಿನ ಸ್ಟುಡಿಯೋದವನು ಅಪ್ಪನಿಗೆ ಹುಟ್ಟಿದಾರಭ್ಯ ತೊಡದ ಕೋಟು ತೊಡಿಸಿದ, ತುಟಿಗೆ ಬಣ್ಣ ಬಳಿದ, ವರ್ಷಗಟ್ಟಲೆ ನೋಡಿ ನೋಡಿ ಈಗ ಕಣ್ಣು ಮುಚ್ಚಿದರೆ ಆ ಕೋಟಿನವನೇ ಬರುತ್ತಾನೆ, ಸಂತೆಯಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಲ್ಲಂಗಡಿ ತಿನ್ನಿಸಿದ ಅಪ್ಪ ಬರುವುದೇ ಇಲ್ಲ. ಅವ್ವನೂ ಹಾಗೆ ಹೋಗಿಬಿಟ್ಟರೆ — ಈಗಲೇ ಬರುವುದು ದವಾಖಾನೆಯ ಮುಖ, ಮೂಗಿಗೆ ನಳಿಕೆ ಸಿಕ್ಕಿಸಿದ್ದು, ಅದರ ಹಿಂದಿನದು ಎಷ್ಟು ಕರೆದರೂ ಬರುತ್ತಿಲ್ಲ, ನನಗೆ ಹೆದರಿಕೆಯಾಗುತ್ತಿದೆ.

ಎಲ್ಲಾ ತಗದಬಿಡು ಅರ್ಷದ, ಮೊದಲ ಹೆಂಗಿತ್ತೋ ಹಂಗ ಮಾಡು, ಅಂದೆ, ಅವನು ಉಸಿರು ಬಿಟ್ಟು ಒಂದೇ ಗುಂಡಿಯನ್ನು ಒತ್ತುತ್ತಾ ಹೋದ, ಸುಕ್ಕುಗಳು ಹಿಂದಕ್ಕೆ ನಡೆದು ಬಂದವು, ಕೆನ್ನೆಯದು ಬಂತು, ಕಣ್ಣಿನ ತುದಿಯದು ಬಂತು, ಬೈಗುಳದ ಗೆರೆಯೂ ಬಂದು ತನ್ನ ಜಾಗದಲ್ಲಿ ಕೂತಿತು, ಬಾರವಾ ಬಾ ಅಂದೆ ಮನಸ್ಸಿನಲ್ಲೇ, ಇಷ್ಟೂ ಯಂತ್ರಗಳಲ್ಲಿ ನನಗೆ ಮರ್ಯಾದೆ ಹುಟ್ಟಿದ್ದು ಈ ಒಂದು ಗುಂಡಿಯ ಮೇಲೆ. ಉಳಿದವೆಲ್ಲ ಕಾಟವೇ, ನನ್ನ ಫೋನು ತನಗೆ ಜಾಗವಿಲ್ಲ ಅಂತ ದಿನಾ ಅಳುತ್ತದೆ, ಜಾಗ ತಿನ್ನುವುದು ಯಾರು ಅಂದರೆ ಬಳಗದವರು ಕಳಿಸುವ ಶುಭೋದಯದ ಗುಲಾಬಿ ಹೂಗಳು, ಟಿವಿ ಹಾಕಿದರೆ ಗುಪ್ತಸಂಖ್ಯೆ ಕೇಳುತ್ತದೆ, ನಮ್ಮ ಮನೆಯಲ್ಲೇ ನಮಗೆ ನೀ ಯಾರು ಅಂತ, ಆದರೆ ಅವ್ವ ಯಾವ ಯಂತ್ರಕ್ಕೂ ಹೆದರಿದವಳಲ್ಲ, ರೇಡಿಯೋ ಗೊರಗೊರ ಅಂದರೆ ತಲೆಗೆ ಒಂದು ಏಟು ಕೊಡುತ್ತಿದ್ದಳು, ಅದು ಶುದ್ಧ ಹಾಡುತ್ತಿತ್ತು, ಮೊಬೈಲು ಚಾರ್ಜಿಗೆ ಹಾಕಿದರೆ ಅದಕ್ಕ ಉಣ್ಣಾಕ ಇಟ್ಟೀನಿ, ಮುಟ್ಟಬ್ಯಾಡ್ರಿ, ಅನ್ನುವಳು. ಹೆದರಿದ್ದು ಕ್ಯಾಮರಾಕ್ಕೆ ಮಾತ್ರ, ಬನಶಂಕರಿಯ ಹೊಂಡದ ಮುಂದೆ ನಿಲ್ಲಿಸಿ ತೆಗೆದದ್ದು ನೋಡಿ, ಪೊಲೀಸ್ ಠಾಣೆಯಲ್ಲಿ ನಿಂತವರ ಹಾಗೆ ಉಸಿರು ಹಿಡಿದು ನಿಂತಿದ್ದಾಳೆ, ನನ್ನ ಮದುವೆಯದೂ ಅಷ್ಟೇ, ಆಧಾರ್ ಕಾರ್ಡಿನದಂತೂ ದೇವರಿಗೇ ಪ್ರೀತಿ, ಅಂಥವಳಿಗೆ ಒಂದು ಹೊಸ ಫೋನು ನಾಗಲಿಂಗನ ಜೊತೆ ಮುಖ ನೋಡಿ ಮಾತಾಡಲಿ ಅಂತ ನಾನು ಕೊಡಿಸಿದರೆ, ಅವ್ವ ಅದನ್ನು ಕನ್ನಡಿ ಮಾಡಿಕೊಂಡಳು. ನವನಗರದ ನಮ್ಮ ಮನೆಯ ಕನ್ನಡಿ ಎತ್ತರದಲ್ಲಿದೆ, ಅವ್ವ ಗಿಡ್ಡ, ಜಳಕ ಮಾಡಿ ಬಂದು ಪೂಜೆಗೆ ಕೂರುವಾಗ ಎಡಗೈಯಲ್ಲಿ ಫೋನು ಹಿಡಿದು ತನ್ನ ಮುಖ ಬರುವ ಕ್ಯಾಮರಾ ತೆರೆದು, ಬಲಗೈಯ ಮೂರು ಬೆರಳು ವಿಭೂತಿಯಲ್ಲಿ ಅದ್ದಿ ಹಣೆಗೆ ಎಳೆದುಕೊಳ್ಳುವಳು, ಇಷ್ಟು ದುಡ್ಡಿನ ಕನ್ನಡಿ ಊರಾಗ ಯಾರ ಕಡೆ ಐತೇನವಾ ಅಂತ ನಾನು ಕಾಡಿಸಿದರೆ, ಅಂಗೈ ಹುಣ್ಣಿಗೆ ಕನ್ನಡಿ ಬ್ಯಾಡ ಮಹೇಶಿ, ಹಣಿಗೆ ಬೇಕು, ಸುಮ್ನ ಕೂಡು, ಅಂದವಳು. ಆ ಫೋನಿನ ತುಂಬ ಅವಳಿಗೇ ಗೊತ್ತಿಲ್ಲದೆ ಒತ್ತಿದ ಫೋಟೋಗಳು, ಹೆಬ್ಬೆರಳು, ಫ್ಯಾನು, ನೆಲದ ಫರಸಿ, ಮತ್ತೆ ಹೆಬ್ಬೆರಳು, ಅವುಗಳ ನಡುವೆ ಈಗ ಅರ್ಷದನ ಪರದೆಯ ಮೇಲಿರುವ ಇದೊಂದು — ತಲೆ ಸ್ವಲ್ಪ ಎತ್ತಿ, ತುಟಿ ಸ್ವಲ್ಪ ಬಿಟ್ಟು, ಮೂರು ಬೆರಳು ಬೆಳ್ಳಗೆ, ಹಣೆಯ ಹತ್ತಿರ ಬಂದು ಇನ್ನೂ ಮುಟ್ಟದೆ. ಉಸಿರು ಹಿಡಿಯದ ಅವ್ವ ಸಿಕ್ಕಿದ್ದು ಇದೊಂದರಲ್ಲೇ.

ಸಿಕ್ಕಳು, ಆದರೂ ಏನೋ ಸರಿಯಿಲ್ಲ, ಮೊದಲು ನೋಡಿದಾಗಿನಿಂದ ಸರಿಯಿಲ್ಲ, ಅವಳ ತಂಗಿಯೇನೋ ಅನ್ನುವ ಹಾಗೆ, ಫೋನು ತಾನಾಗಿ ಮುಖ ತಿದ್ದುತ್ತದಂತಲ್ಲ, ಅದರದೇ ಕಿತಾಪತಿ ಅಂತ ಬೈದುಕೊಂಡೆ, ಪರದೆಯ ಮೇಲೆ ಅವ್ವ ಈಗ ದೊಡ್ಡದಾಗಿ ಬಂದಿದ್ದಾಳೆ, ನನ್ನ ಬಲಗೈ ಬೆರಳು ತಾನೇ ಎದ್ದು ಅವಳ ಹುಬ್ಬಿಗೆ ಹೋಯಿತು — ಅಲ್ಲಿ ಗುರುತಿಲ್ಲ. ಲಾಳಿ ಬಡಿದ ಗುರುತು, ಇಳಕಲ್ಲಿನಲ್ಲಿ ಅವ್ವ ಸಣ್ಣವಳಿದ್ದಾಗ ಅಜ್ಜನ ಮಗ್ಗದಿಂದ ಲಾಳಿ ಹಾರಿ ಎಡ ಹುಬ್ಬು ಸೀಳಿತ್ತಂತೆ, ಅಲ್ಲಿ ಕೂದಲು ಬೆಳೆಯಲಿಲ್ಲ, ಅವಳ ತೊಡೆಯ ಮೇಲೆ ಮಲಗಿ ಆ ನುಣ್ಣನೆಯ ಜಾಗವನ್ನು ಬೆರಳಲ್ಲಿ ಸವರುತ್ತಾ ನಾನು ನಿದ್ದೆ ಹೋಗುತ್ತಿದ್ದೆ, ಬಿಡ ಮಹೇಶಿ ಕಣ್ಣಾಗ ಬೆಟ್ಟು ಹಾಕ್ತಿ, ಅನ್ನುತ್ತಲೇ ಬಿಡುತ್ತಿದ್ದಳು, ಕಣ್ಣು ಮರೆತರೂ ಬೆರಳು ಆ ದಾರಿ ಮರೆತಿಲ್ಲ, ಆದರೆ ಈ ಫೋಟೋದಲ್ಲಿ ಗುರುತು ಇರುವುದು ಇನ್ನೊಂದು ಕಡೆಯ ಹುಬ್ಬಿನಲ್ಲಿ. ಅಷ್ಟರಲ್ಲಿ ನಾಗಲಿಂಗನ ಫೋನು, ಅರ್ಷದ ಈ ಫೋಟೋ ಅವನಿಗೂ ಕಳಿಸಿದ್ದನಂತೆ, ಅಕ್ಕಾ, ನಿನಗ ಕಣ್ಣ ಅದಾವೋ ಇಲ್ಲೋ, ಅವ್ವ ಎಡಗೈಲೆ ವಿಭೂತಿ ಹಚ್ಚಿಕೊಳ್ಳಾಕತ್ತಾಳ, ಅಯ್ಯನೋರು ಬರ್ತಾರ, ಬಳಗ ಬರ್ತೈತಿ, ನಿಮ್ಮನಿ ಹೆಣ್ಮಗಳಿಗೆ ಇಷ್ಟೂ ತಿಳೀಲಿಲ್ಲೇನು ಅಂತಾರ, ಬ್ಯಾಡ ಅದು, ಬನಶಂಕರೀದ ಹಾಕಿಸು. ನೋಡುತ್ತೇನೆ, ಹೌದು, ಎಡಗೈ, ಎಂದೂ ಎಡಗೈಯಲ್ಲಿ ಯಾರಿಗೂ ಒಂದು ಎಲೆ ಅಡಿಕೆ ಕೊಡದವಳು, ಊರ ಬಾಯಿಗೆ ಮುಚ್ಚಳವಿಲ್ಲ ನಿಜ, ಆದರೆ ಮಂದಿಗೆ ಹೆದರಿ ಮತ್ತೆ ಉಸಿರು ಹಿಡಿದವಳನ್ನೇ ಗೋಡೆಗೆ ಏರಿಸಲೇನು — ಅರ್ಷದ ನಕ್ಕ, ಎಡಗೈ ಅಲ್ರೀ ಅಕ್ಕಾರ, ಈ ಫೋನು ಮುಂದಿನ ಕ್ಯಾಮರಾದಾಗ ಕನ್ನಡೀ ಹಂಗ ಉಲ್ಟಾ ತಗೀತೈತ್ರಿ, ಸುಲ್ಟಾ ಮಾಡ್ತೇನಿ ನೋಡ್ರಿ, ಅಂದು ಒಂದು ಒತ್ತಿದ. ಅವ್ವ ಬಂದಳು. ಎಲ್ಲಿಂದಲೋ ಒಮ್ಮೆಗೇ ಬಂದಳು, ಬಲಗೈ ಬಲಗೈಯಾಗಿ, ಗುರುತು ನನ್ನ ಬೆರಳಿಗೆ ಎದುರಾಗಿ, ದವಾಖಾನೆಯ ನಳಿಕೆ ಬಿದ್ದುಹೋಯಿತು, ಕಣ್ಣು ಮುಚ್ಚಿ ನೋಡಿದೆ, ಇದ್ದಾಳೆ, ತೆರೆದೆ, ಇದ್ದಾಳೆ, ಅರ್ಷದನ ಮುಂದೆಯೇ ಅತ್ತುಬಿಟ್ಟೆ, ಪಾಪ ಅವನು ಫ್ಯಾನು ಜೋರು ಮಾಡಿದ.

ಇದೇ ಇರಲಿ, ಕೈಲಾಸ ಬೇಡ, ಗೋಡೆಗೆ ಇದೇ, ಅಂದಾಯಿತು, ಅವನು ಪ್ರಿಂಟಿಗೆ ಹಾಕಿದ್ದಾನೆ, ಯಂತ್ರ ಗುಂಯ್ ಅನ್ನುತ್ತಿದೆ, ಬಸ್ಸಿಗೆ ಇನ್ನೂ ಹೊತ್ತಿದೆ, ಕೈಯಲ್ಲಿ ಅವ್ವನ ಫೋನು, ಇದರಲ್ಲಿ ಅವಳು ಇನ್ನೂ ಉಲ್ಟಾನೇ ಇದ್ದಾಳೆ, ಇದನ್ನೂ ಸುಲ್ಟಾ ಮಾಡಿಕೊಡ್ಲೇನ್ರಿ ಅಂತ ಕೇಳಿದ, ಬೇಡ ಅಂದೆ, ಯಾಕೆ ಬೇಡ ಅಂದೆ. ನಮಗೆ ಉಲ್ಟಾ, ಆದರೆ ಅವ್ವ ತನ್ನ ಮುಖವನ್ನು ಕಂಡದ್ದು ಹೀಗೇ, ಇಳಕಲ್ಲಿನ ಕನ್ನಡಿಯಲ್ಲಿ, ನಮ್ಮ ಮನೆಯಲ್ಲಿ, ಹುಡುಗಿಯಿದ್ದಾಗ, ಮುದುಕಿಯಾದಾಗ, ಗುರುತು ಆ ಕಡೆ, ಸುಲ್ಟಾ ಇದ್ದವಳನ್ನು ನಾವೆಲ್ಲ ನೋಡಿದೆವು, ಬೈಸಿಕೊಂಡೆವು, ಉಂಡೆವು, ಈಕೆಯನ್ನು ನೋಡಿದ್ದು ಅವಳೊಬ್ಬಳೇ, ಆ ಕಣ್ಣು ನೋಡು, ಯಾರನ್ನೂ ಬೈಯುತ್ತಿಲ್ಲ, ಯಾರನ್ನೂ ಊಟಕ್ಕೆ ಕರೆಯುತ್ತಿಲ್ಲ, ಅಡ್ಡಿಯಿಲ್ಲ ಬಿಡು, ಚೆಂದ ಅದೀನಿ, ಅಂತ ತನಗೆ ತಾನು ಹೇಳಿಕೊಳ್ಳುವ ಹಾಗೆ — ಅವ್ವನಿಗೆ ತಾನು ಚೆಂದ ಅನಿಸುತ್ತಿತ್ತು ಅಂತ ನನಗೆ ಇಷ್ಟು ವರ್ಷ ಹೊಳೆಯಲೇ ಇಲ್ಲ, ನೀ ಚೆಂದ ಅದೀಯವಾ ಅಂತ ನಾನಾಗಲಿ ನಾಗಲಿಂಗನಾಗಲಿ ಅಪ್ಪನಾಗಲಿ ಒಂದು ದಿನ ಅಂದದ್ದು ನೆನಪಿಲ್ಲ, ಅವಳೇ ಅಂದುಕೊಂಡು ವಿಭೂತಿ ಹಚ್ಚಿಕೊಂಡು ಎದ್ದು ರೊಟ್ಟಿ ಬಡಿಯಲು ಹೋದಳು. ಈ ಫೋಟೋ ನಾಗಲಿಂಗನಿಗೆ ಬೇಡ, ಬಳಗಕ್ಕೆ ಬೇಡ, ಇದು ಇಲ್ಲೇ ಇರಲಿ, ಇದಕ್ಕೆ ದಿನಾ ನಾನು ಉಣ್ಣಲು ಇಡುತ್ತೇನೆ — ಫೋನನ್ನು ಎಡಗೈಯಲ್ಲಿ ಅವಳು ಹಿಡಿಯುತ್ತಿದ್ದ ಹಾಗೆ ಹಿಡಿದೆ, ಮುಖದ ಎದುರು, ಬಲಗೈ ಎತ್ತಿದೆ, ಮೂರು ಬೆರಳು ಕೂಡಿಸಿ, ನನ್ನ ಕೈ ಇರುವ ಕಡೆಯಲ್ಲೇ ಅವಳ ಕೈಯೂ ಇದೆ, ಕನ್ನಡಿಯಲ್ಲಿ ಇರುವ ಹಾಗೆ, ಕನ್ನಡಿಯೇ ಇದು, ನಾನು ನೋಡಿದರೆ ಅವಳು ಕಾಣುತ್ತಾಳೆ, ನನ್ನ ಬೆರಳು ನನ್ನ ಹಣೆಗೆ ಮುಟ್ಟಿತು, ತಣ್ಣಗಿದೆ ಹಣೆ, ಅವಳದು ಮುಟ್ಟಿಲ್ಲ, ಮೂರು ಬೆರಳು, ಬೆಳ್ಳಗೆ, ಹಣೆಯ ಹತ್ತಿರ, ಇನ್ನೂ ಮುಟ್ಟಿಲ್ಲ, ಮೂರು ಬೆರಳು