ರೇಣುಕವ್ವನ ಕೈಯಲ್ಲಿನ ಚರಿಗೆ

೦

ಈ ಕತೆಯನ್ನು ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುತ್ತಿಲ್ಲ. ಓಟದ ಕತೆಯಾದರೆ ಗೆರೆ ಎಳೆದು, ಸೀಟಿ ಊದಿ ಶುರು ಮಾಡಬಹುದು. ರೇಣುಕವ್ವನ ಓಟಕ್ಕೆ ಗೆರೆಯಿಲ್ಲ, ಸೀಟಿಯಿಲ್ಲ, ಜೊತೆಗೆ ಓಡುವವರೂ ಇಲ್ಲ. ಅಣ್ಣಿಗೇರಿ ಹತ್ತಿರದ ಊರೊಂದರಲ್ಲಿ ಕುರಿ ಸಾಕುವ ಮನೆತನದ, ನಲವತ್ತಾರು ವರ್ಷದ ಹೆಂಗಸು ಡಿಸೆಂಬರಿನ ಒಂದು ಮುಂಜಾನೆ ನಲವತ್ತೆರಡು ಕಿಲೋಮೀಟರ್ ಓಡಲು ಹೊರಟಿದ್ದಾಳೆ. ಹಿಂದಿನಿಂದ ಗಂಡ ಭರಮಪ್ಪ ಮೊಪೆಡ್ ಮೇಲೆ ನೀರಿನ ಕ್ಯಾನ್ ಕಟ್ಟಿಕೊಂಡು, ಬೈಯುತ್ತ ಬರುತ್ತಿದ್ದಾನೆ.

ಮೊದಲ ಡ್ರಾಫ್ಟಿನಲ್ಲಿ ಅವಳಿಗೆ ಇಳಕಲ್ ಸೀರೆ ಉಡಿಸಿ ಕಚ್ಚೆ ಹಾಕಿಸಿದ್ದೆ. (ಮುಖಪುಟಕ್ಕೆ ಚೆಂದ ಕಾಣುತ್ತದೆ ಎಂಬ ಆಸೆ.) ಎರಡನೆಯ ಸಾಲಿಗೇ ಅವಳು ನನ್ನ ಕಡೆ ತಿರುಗಿ ನಿಂತಳು.

"ಸೀರಿ ಉಟ್ಟ ನಲವತ್ತೆರಡ ಕಿಲೋಮೀಟರ ನೀವ ಓಡ್ರಿ. ನಾ ಕುಂತ ಬರೀತೇನಿ."

ಆ ಡ್ರಾಫ್ಟು ಹರಿದು ಹಾಕಿದೆ. ಈಗ ಅವಳು ತೊಟ್ಟಿರುವುದು ಮಗಳ ಟ್ರ್ಯಾಕ್ ಪ್ಯಾಂಟು, ಮಗಳ ಬೂಟು, ಗಂಡನ ತುಂಬುತೋಳಿನ ಅಂಗಿ.

೪

ಯಾಕೆ ಓಡುತ್ತಾಳೆ ಎಂದು ಕೇಳುತ್ತೀರಿ. ನಾನೂ ಕೇಳಿದೆ.

ಮಗಳು ಸುಧಾರಾಣಿ ಪೊಲೀಸ್ ಭರ್ತಿಗೆಂದು ದಿನಾ ಐದು ಗಂಟೆಗೆ ಓಡುತ್ತಿದ್ದಳು. ಹುಡುಗಿ ಒಬ್ಬಳೇ ಎಂದು ರೇಣುಕವ್ವ ಕೈಯಲ್ಲಿ ಕೋಲು ಹಿಡಿದು ಜೊತೆಗೆ ಹೋದಳು. ಮೊದಲು ರಸ್ತೆಯ ಬದಿಗೆ ನಿಂತಳು. ಆಮೇಲೆ ನಡೆದಳು. ಮಗಳು ದೂರ ಹೋದರೆ ಕಣ್ಣಿಗೆ ಬೀಳುವುದಿಲ್ಲ ಎಂದು ಓಡಿದಳು. ಎರಡನೆಯ ವರ್ಷ ಮಗಳು ಆಯ್ಕೆಯಾಗಿ ಟ್ರೈನಿಂಗಿಗೆ ಹೋದಳು. ಮರುದಿನ ಐದು ಗಂಟೆಗೆ ತಾಯಿಯ ಕಾಲು ಹಾಸಿಗೆಯಲ್ಲಿ ನಿಲ್ಲಲಿಲ್ಲ.

ಮಗಳು ಅವಳ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಾಳೆ. ಕಿಲೋಮೀಟರಿಗೊಮ್ಮೆ ಅದರೊಳಗಿನ ಹೆಂಗಸು ಇಂಗ್ಲಿಷಿನಲ್ಲಿ ಲೆಕ್ಕ ಹೇಳುತ್ತಾಳೆ. ರೇಣುಕವ್ವ ಪ್ರತಿ ಸಲವೂ "ಹೂಂ ಯವ್ವಾ" ಎನ್ನುತ್ತಾಳೆ, ಪಾಪ, ಅಷ್ಟು ದೂರದಿಂದ ಹೇಳುತ್ತಾಳಲ್ಲ ಎಂದು.

೧೨

(ನಕಾಶೆ ಹಿಡಿದು ಈ ದಾರಿ ಅಳೆಯಲು ಹೋಗಬೇಡಿ. ಕಡಲೆ ಹೊಲಗಳ ನಡುವೆ ಅಲ್ಲಿ ಇಲ್ಲಿ ಸುತ್ತಿಸಿ, ಯಮನೂರಿನ ಆಚೆಯ ಹಳ್ಳದ ಸೇತುವೆಗೆ ಸರಿಯಾಗಿ ನಲವತ್ತೆರಡು ಮಾಡಿದ್ದೇನೆ.)

ಇಲ್ಲಿ ಅವಳಿಗೆ ಉಸಿರು ಕಟ್ಟಬೇಕು, ನೋವು ಶುರುವಾಗಬೇಕು ಎಂದು ಬರೆದುಕೊಂಡಿದ್ದೆ. ಆದರೆ ನೋವಾದದ್ದು ಭರಮಪ್ಪನಿಗೆ. ಎದುರಿಗೆ ಬಂದ ಹಾಲಿನ ಗಾಡಿಯವನು ನಿಲ್ಲಿಸಿ ಕೇಳಿದ:

"ಏನ ಕಾಕಾ, ಹೆಂಡ್ತೀನ ಓಡಿಸಿ ನೀ ಗಾಡಿ ಮ್ಯಾಲ ಕುಂತೀಯಲ್ಲ, ನಾಚಿಕಿ ಬರೂದಿಲ್ಲೇನ?"

ಹಿಂದಿನ ಊರಿನಲ್ಲೂ ಮೂರು ಜನ ಇದನ್ನೇ ಕೇಳಿದ್ದರು. ಭರಮಪ್ಪ ಇಳಿದು, ಒಂದು ಫರ್ಲಾಂಗು ಮೊಪೆಡ್ ತಳ್ಳಿಕೊಂಡು ಓಡಿದ. ಆಮೇಲೆ ಮತ್ತೆ ಹತ್ತಿದ.

"ನಿನ್ನ ಕಾಲಾಗ ನನ್ನ ಮಾನ ಹೋತು," ಎಂದ. ಆದರೂ ಬಾಳೆಹಣ್ಣು ಸುಲಿದು ಕೊಟ್ಟ.

೨೬

ಓದುಗರಿಗೆ ಒಂದು ವಿಷಯ ತಡವಾಗಿ ಹೇಳುತ್ತಿದ್ದೇನೆ. ನನಗೆ ತಿಳಿದದ್ದೇ ತಡವಾಗಿ. ಈ ದಾರಿಯನ್ನು ನಾನು ಆರಿಸಿದ್ದೆ ಅಂದುಕೊಂಡಿದ್ದೆ. ಆರಿಸಿದವಳು ಅವಳು. ಮೂವತ್ತನಾಲ್ಕನೆಯ ಕಿಲೋಮೀಟರಿಗೆ, ಯಮನೂರಿನ ರಸ್ತೆಗೇ ಅಂಟಿಕೊಂಡು, ಅವಳ ಅಕ್ಕ ಗಂಗಾಳ ಮನೆಯಿದೆ.

ನಾಲ್ಕು ವರ್ಷದ ಹಿಂದೆ ಗಂಗಾ ತನ್ನ ಮೈದುನನ ಮಗನಿಗೆ ಸುಧಾರಾಣಿಯನ್ನು ಕೇಳಿದ್ದಳು. ಹುಡುಗಿ ಪೊಲೀಸ್ ಆಗುತ್ತಾಳೆ ಎಂದು ರೇಣುಕವ್ವ ಒಪ್ಪಲಿಲ್ಲ.

"ಮಗಳನ್ನ ಹಾದಿ ಮ್ಯಾಲ ಓಡಸ್ತೀ? ಓಡ್ಸು. ನಾಳೆ ಅಳಕೋತ ನನ್ನ ಬಾಗಲಿಗೆ ಬರಬ್ಯಾಡ," ಎಂದಿದ್ದಳು ಗಂಗಾ.

"ನಿನ್ನ ಹೊಸ್ತಿಲ ತುಳದ್ರ ಕೇಳು," ಎಂದಿದ್ದಳು ರೇಣುಕವ್ವ.

ಹುಡುಗನಿಗೆ ಬೇರೆ ಕಡೆ ಮದುವೆಯಾಯಿತು, ಸುಧಾರಾಣಿಗೆ ನೌಕರಿಯಾಯಿತು. ಮಾತು ಮಾತ್ರ ಹಾಗೇ ಉಳಿಯಿತು. ಈ ಕಡೆ ಅಕ್ಕನ ಮನೆ ಮುಂದೆ ಹಾಯ್ದು ಒಳಗೆ ಹೋಗದೆ ಮುಂದೆ ಹೋದರೆ ಸಂಬಂಧ ಹರಿದಂತೆಯೇ. ಒಳಗೆ ಹೋಗಿ ಕುಳಿತರೆ ಕಾಲು ಸೆಟೆದು ಓಟ ಮುಗಿದಂತೆ. ಇದೆಲ್ಲ ಗೊತ್ತಿದ್ದೇ ಅವಳು ಈ ದಾರಿ ಹಿಡಿದಿದ್ದಾಳೆ.

೩೪

ಗಂಗಾಳ ಬಾಗಿಲು ಮುಚ್ಚಿತ್ತು. ರೇಣುಕವ್ವ ಒಂದು ಕ್ಷಣ...

ಇಲ್ಲ. ಇದು ಬೇಡ, ನನಗೇ ಸಂಕಟವಾಗುತ್ತದೆ.

೩೪ (ಮತ್ತೊಮ್ಮೆ)

ಅಕ್ಕತಂಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು...

"ಅಳೂ ಸೀನ ಹಾಕಬ್ಯಾಡ್ರಿ," ಎಂದಳು ರೇಣುಕವ್ವ ಏದುಸಿರಿನಲ್ಲೇ. "ಉಸರ ಸಾಲೂದಿಲ್ಲ."

೩೪ (ಆದದ್ದು)

ಗಂಗಾ ರಸ್ತೆಯ ಬದಿಗೇ ನಿಂತಿದ್ದಳು, ಕೈಯಲ್ಲಿ ಚೆಂಬಿನಂಥ ಸ್ಟೀಲ್ ಚರಿಗೆ, ಅದರ ತುಂಬ ಮಜ್ಜಿಗೆ. (ಹಿಂದಿನ ಸಂಜೆ ಭರಮಪ್ಪ ಕದ್ದು ಫೋನ್ ಮಾಡಿದ್ದನಂತೆ. ನನಗೂ ಹೇಳಿರಲಿಲ್ಲ.) ಒಳಗೆ ಬಾ ಎನ್ನಲಿಲ್ಲ.

"ಹಿಡಿ."

"ನಿಲ್ಲಾಕ ಬರೂದಿಲ್ಲಕ್ಕಾ. ನಿಂತ್ರ ಕಾಲ ಹಿಡಕೋತಾವು."

"ನಿಂದ್ರು ಅಂತ ಯಾರ ಅಂದಾರ ನಿನಗ?"

ಗಂಗಾ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಪಕ್ಕದಲ್ಲೇ ಓಡತೊಡಗಿದಳು. ಐವತ್ತೆರಡು ವರ್ಷ, ಶುಗರು, ಮೊಣಕಾಲು ನೋವು. ಮಜ್ಜಿಗೆ ಅರ್ಧ ರಸ್ತೆಗೆ, ಅರ್ಧ ರೇಣುಕವ್ವನ ಬಾಯಿಗೆ.

"ಉಪ್ಪ ಸಾಕಾತಿಲ್ಲೋ?"

"ಸಾಕಾತು."

"ಸುಧಾ ಹೆಂಗದಾಳ?"

"ಅರಾಮದಾಳ. ನಿನ್ನ ಕೇಳ್ತಾಳ."

ಗಂಗಾ ಹಿಟ್ಟಿನ ಗಿರಣಿಯವರೆಗೂ ಓಡಿದಳು. ಅಲ್ಲಿ ಸೊಂಟ ಹಿಡಿದು ನಿಂತಳು. ನಾಲ್ಕು ವರ್ಷದ ಮಾತು ಮುನ್ನೂರು ಮೀಟರಿನಲ್ಲಿ ಮುಗಿಯುವುದಿಲ್ಲ. ಆದರೂ ಇಷ್ಟಾಯಿತಲ್ಲ ಎಂದು ಬರೆಯುವಾಗ ನನ್ನ ಕಣ್ಣು ಮಂಜಾದದ್ದು ನಿಜ.

೩೫

ಖಾಲಿ ಚರಿಗೆ ರೇಣುಕವ್ವನ ಕೈಯಲ್ಲೇ ಉಳಿಯಿತು. ಭರಮಪ್ಪ ಮೊಪೆಡ್ ಪಕ್ಕಕ್ಕೆ ತಂದ.

"ಕೊಡಿಲ್ಲಿ, ಈಗ ಹೋಗಿ ಕೊಟ್ಟ ಬರ್ತೇನಿ."

ಅವಳು ಚರಿಗೆಯನ್ನು ಇನ್ನೂ ಬಿಗಿಯಾಗಿ ಹಿಡಿದಳು. "ಅಕ್ಕನ ಮನಿ ಚರಿಗಿ ಖಾಲಿ ಕೊಡ್ತಾರೇನ್ರಿ?"

ಭರಮಪ್ಪ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. ಪಾತ್ರೆ ಮರಳಿಸುವಾಗ ಒಂದು ಹಿಡಿ ಏನಾದರೂ ಹಾಕಿಯೇ ಕೊಡಬೇಕು. ಹೊಸ್ತಿಲಿನ ಆಚೆ ಈಚೆ ನಿಂತು ಕೊಡುವಂತೆಯೂ ಇಲ್ಲ, ಒಳಗೆ ಹೋಗಬೇಕು. ಇದು ಅವನಿಗೂ ಗೊತ್ತು, ಗಂಗಾಳಿಗೂ ಗೊತ್ತು. ಗಂಗಾ ಚರಿಗೆಯನ್ನು ಮರೆತಳೋ, ಬೇಕೆಂದೇ ಬಿಟ್ಟಳೋ ಎಂದು ಗಿರಣಿಯ ಹತ್ತಿರ ಹೋಗಿ ಕೇಳಿದೆ.

"ನೀವು ಓಟದ ಕತಿ ಬರಿಯವ್ರು. ಓಟದ್ದ ಬರೀರಿ," ಎಂದಳು.

೪೧

ಮಧ್ಯಾಹ್ನದ ಬಿಸಿಲು. ರೇಣುಕವ್ವನ ಎಡಗಾಲು ಅವಳ ಮಾತು ಕೇಳುತ್ತಿಲ್ಲ. ಚರಿಗೆ ಹಿಡಿದು ಓಡುವವಳನ್ನು ಕಂಡವರೆಲ್ಲ ಹೊಟ್ಟೆ ಕೆಟ್ಟು ಬಯಲಿಗೆ ಹೊರಟಿದ್ದಾಳೆ ಎಂದುಕೊಂಡು ದಾರಿ ಬಿಡುತ್ತಿದ್ದಾರೆ. ಭರಮಪ್ಪ ಮೊಪೆಡ್ ಅನ್ನು ಎಲ್ಲೋ ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಪಕ್ಕದಲ್ಲಿ ಓಡುತ್ತಿದ್ದಾನೆ. ದೂರದಲ್ಲಿ ಸೇತುವೆ ಕಾಣುತ್ತಿದೆ.

ಎರಡು ಮುಕ್ತಾಯಗಳು ಸಿದ್ಧವಿವೆ: ಸೇತುವೆ ಮುಟ್ಟುತ್ತಾಳೆ, ಅಥವಾ ಇಪ್ಪತ್ತು ಹೆಜ್ಜೆ ಮೊದಲು ಕುಸಿಯುತ್ತಾಳೆ. ನಿಮಗೆ ಬೇಕಾದದ್ದು ಇಟ್ಟುಕೊಳ್ಳಿ. ನಾನು ಯಾವುದನ್ನೂ ಬರೆಯುವುದಿಲ್ಲ, ಯಾಕೆಂದರೆ ಈಗ ಅವಳೇ ಸೇತುವೆಯ ಕಡೆ ನೋಡುತ್ತಿಲ್ಲ.

ಫೋನಿನ ಹೆಂಗಸು ಲೆಕ್ಕ ಹೇಳಿದಳು. ಮೊದಲ ಸಲ ರೇಣುಕವ್ವ ಹೂಂ ಎನ್ನಲಿಲ್ಲ. ನನ್ನನ್ನು ಕೇಳಿದಳು:

"ನೀವ ಹೇಳ್ರಿ. ಅಕ್ಕಗ ಶುಗರ ಐತಿ, ಚರಿಗ್ಯಾಗ ಸಕ್ರಿ ಹಾಕಾಕ ಬರೂದಿಲ್ಲ. ಕಡ್ಲಿ ಹಾಕಲ್ಯಾ?"