ಎಂಜಲು ಪಂಪು

ಗುರುರಾಜನಿಗೆ ನೆಗಡಿಯಾದರೆ ಮೂರು ದಿನ. ಆ ಮೂರು ದಿನ ಮನೆಯಲ್ಲಿ ಮೆಣಸಿನ ಸಾರು, ಶುಂಠಿ ಕಷಾಯ, ಸದ್ದಡಗಿಸಿದ ಟೀವಿ, ಅವನ ಹಣೆಯ ಮೇಲೆ ತಾಯಿ ಯಮುನಾಬಾಯಿಯ ಕೈ. ನಾಲ್ಕನೆಯ ದಿನ ಅವನು ಇಸ್ತ್ರಿ ಮಾಡಿದ ಶರ್ಟು ತೊಟ್ಟು ಆಫೀಸಿಗೆ ಹೊರಡುತ್ತಾನೆ, ನೆಗಡಿಯನ್ನು ಹೆಂಡತಿಗೆ ಬಿಟ್ಟು. ಅದೇ ನೆಗಡಿ ಉಷಾಳ ಎದೆಗಿಳಿದು ಮೂರು ವಾರ ಕೂರುತ್ತದೆ. ವರ್ಷಕ್ಕೆ ಐದಾರು ಸಲ ಹೀಗೆ. ಹದಿನಾಲ್ಕು ವರ್ಷಗಳಿಂದ ಅವಳಿಗೆ ದಮ್ಮು ಇದೆ. ಇಪ್ಪತ್ತೆರಡು ವರ್ಷಗಳಿಂದ ಗುರುರಾಜ ಇದ್ದಾನೆ. ಎರಡರಲ್ಲಿ ಯಾವುದನ್ನು ಹದ್ದುಬಸ್ತಿನಲ್ಲಿಡುವುದು ಸುಲಭ ಎಂದು ಯಾರಾದರೂ ಕೇಳಿದ್ದರೆ ಅವಳು ತಡಮಾಡದೆ ದಮ್ಮು ಎನ್ನುತ್ತಿದ್ದಳು. ದಮ್ಮು ಹೇಳಿದ ಮಾತು ಕೇಳುತ್ತಿತ್ತು.

ಹೇಗೆ ಹೇಳಬೇಕೆಂಬುದನ್ನು ಡಾಕ್ಟರ್ ಶ್ರೀಲಕ್ಷ್ಮಿ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರು. ಕಪಾಟಿನ ಬಾಗಿಲ ಒಳಮೈಗೆ ಅದನ್ನು ಅಂಟಿಸಿಕೊಂಡಿದ್ದಳು. ಆರಾಮವಿದ್ದಾಗಲೂ ಔಷಧ ಎಳೆದುಕೊಳ್ಳುವ ಕಂದು ಪಂಪು ಬೆಳಿಗ್ಗೆ ಸಂಜೆ, ಬಿಡಬಾರದು. ನೆಗಡಿ ಹಿಡಿದ ದಿನವೇ ಎಚ್ಚರವಾಗಬೇಕು, ಎದೆಯಲ್ಲಿ ಸೀಟಿ ಕೇಳುವವರೆಗೆ ಕಾಯಬಾರದು. ನೀಲಿ ಪಂಪು ಸದಾ ಕೈಗೆಟಕುವಂತಿರಬೇಕು. ದಿನವೂ ಉಸಿರಿನ ಬಲ ಅಳೆಯುವ ಕೊಳವೆಯಲ್ಲಿ ಊದಿ ಅಂಕಿ ನೋಡಬೇಕು. ಒಳ್ಳೆಯ ದಿನ ಅವಳ ಅಂಕಿ ಮುನ್ನೂರೈವತ್ತು. ನೀಲಿ ಪಂಪು ತೆಗೆದುಕೊಂಡು ಇಪ್ಪತ್ತು ನಿಮಿಷ ಕಳೆದ ಮೇಲೂ ಇನ್ನೂರೈವತ್ತು ದಾಟದಿದ್ದರೆ ಮನೆಯಲ್ಲಿ ಕೂರದೆ ಹೊರಟು ಬರಬೇಕು.

ಗುರುರಾಜ ಸರ್ಕಾರಿ ಕಾರ್ಖಾನೆಯಲ್ಲಿ ತಪಾಸಣೆಯ ಅಧಿಕಾರಿ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೆ ಇಡೀ ಲಾರಿ ಸಾಮಾನನ್ನು ವಾಪಸು ಕಳಿಸಿದ್ದನ್ನು ಊಟಕ್ಕೆ ಕೂತಾಗ ಹೇಳಿಕೊಳ್ಳುವವನು. ಆದರೆ ಹೆಂಡತಿಯ ಉಸಿರಿನಲ್ಲಿ ನೂರು ಕಡಿಮೆಯಾದರೆ "ಹವಾ ಬದಲಾಗೇದ" ಎನ್ನುತ್ತಿದ್ದ.

ಈ ಸಲದ ನೆಗಡಿ ಆಷಾಢದಲ್ಲಿ, ಮಾವನ ತಿಥಿಗೆ ಸರಿಯಾಗಿ ಬಂತು. ತಿಥಿಯ ಅಡಿಗೆಯನ್ನು ಮನೆಯ ಸೊಸೆಯೇ ಮಡಿಯಲ್ಲಿ ಮಾಡಬೇಕು. ಬೆಳಗಿನ ಜಾವ ತಲೆಗೆ ಸ್ನಾನ, ಒದ್ದೆ ಸೀರೆ. ಬ್ರಾಹ್ಮಣರ ಊಟ ಮುಗಿಯುವ ತನಕ ಬಾಯಿಗೆ ಏನೂ ಹೋಗಬಾರದು. ಆ 'ಏನೂ' ಎಂಬುದರೊಳಗೆ ಪಂಪೂ ಸೇರಿತ್ತು. ಬಾಯಿಗೆ ಕಚ್ಚಿ ಎಳೆಯುವ ವಸ್ತು, ಆದ್ದರಿಂದ ಎಂಜಲು. ಯಮುನಾಬಾಯಿ ಹದಿನಾಲ್ಕು ವರ್ಷಗಳ ಹಿಂದೆ ಕೊಟ್ಟ ಈ ತೀರ್ಪನ್ನು ಯಾರೂ ಮರುವಿಚಾರಣೆಗೆ ತಂದಿರಲಿಲ್ಲ. ಹೋದ ವರ್ಷ ತಿಥಿಯ ಮರುದಿನ ಉಷಾ ಆಸ್ಪತ್ರೆಯಲ್ಲಿ ಎರಡು ದಿನ ಆಕ್ಸಿಜನ್ ಮೇಲೆ ಇದ್ದಳು. ನೋಡಲು ಬಂದವರಿಗೆಲ್ಲ ಗುರುರಾಜ ಹವಾ ಬದಲಾದದ್ದನ್ನೇ ಹೇಳಿದ.

"ಅಡಿಗಿಯವರನ್ನ ಕರಸೋಣೇನು? ನಾಕು ದಿನದಿಂದ ನೆಗಡಿ ಅದ ನನಗ," ಎಂದು ಹಿಂದಿನ ದಿನ ಕೇಳಿ ನೋಡಿದ್ದಳು.

"ಮನ್ಯಾಗ ಸೊಸಿ ಇರುವಾಗ ಹೊರಗಿನವರ್ಯಾಕ? ಒಂದ ದಿನದ ಮಾತು," ಎಂದ ಅವನು.

ನಾದಿನಿ ಸತ್ಯಭಾಮಾ ಸಹಾಯಕ್ಕೆಂದು ಸಿಕಂದರಾಬಾದಿನಿಂದ ಬಂದಿದ್ದಳು. ಬಂದವಳು ಸೋಫಾದ ಮೇಲೆ ಕೂತು, "ನನ್ನ ಗೋತ್ರ ಬ್ಯಾರೆ ಆತಲ್ಲ ವೈನಿ, ಇಲ್ಲಾಂದ್ರ ನಾನೂ ಕೈ ಹಚ್ಚತಿದ್ದೆ" ಎಂದು ಎರಡು ಸಲ ಹೇಳಿ, ಮೂರನೆಯ ಸಲ ಸೀನಿದಳು.

ಬೆಳಿಗ್ಗೆ ನಾಲ್ಕಕ್ಕೆ, ಸ್ನಾನಕ್ಕೆ ಮೊದಲು, ಉಷಾ ಕಂದು ಪಂಪು ಎಳೆದು ಬಾಯಿ ಮುಕ್ಕಳಿಸಿ ಊದಿದಳು. ಇನ್ನೂರ ಎಪ್ಪತ್ತು. ನೀಲಿ ಪಂಪನ್ನೂ ಅದನ್ನು ಸಿಕ್ಕಿಸುವ ಉದ್ದನೆಯ ಡಬ್ಬಿಯನ್ನೂ ಊದುವ ಕೊಳವೆಯನ್ನೂ ಅಡಿಗೆಮನೆಯ ಹೊಸ್ತಿಲ ಹತ್ತಿರದ ಸ್ಟೂಲಿನ ಮೇಲಿಟ್ಟಳು. ಸ್ನಾನ ಮುಗಿಸಿ ಬರುವಷ್ಟರಲ್ಲಿ ಮೂರೂ ಮುಂಬಾಗಿಲ ಬಳಿಯ ಚಪ್ಪಲಿ ಗೂಡಿನ ಮೇಲೆ ಕೂತಿದ್ದವು.

"ಹೊಸ್ತಿಲದಾಗ ಎಂಜಲ ಯಾಕ ಇಡತೀ?" ಎಂದರು ಯಮುನಾಬಾಯಿ, ಜಪಮಣಿ ಬಿಡದೆ.

ಒಂಬತ್ತೂವರೆಗೆ ಪಾಯಸ ಇಳಿದಿತ್ತು, ಎರಡು ಪಲ್ಯ ಆಗಿತ್ತು, ವಡೆಯ ಎಣ್ಣೆ ಕಾಯುತ್ತಿತ್ತು. ಹಾಲಿನಲ್ಲಿ ಮಾವನ ಫೋಟೋಕ್ಕೆ ಗುರುರಾಜ ಧೂಪ ಹಾಕಿದ್ದ. ಫ್ಲಾಟಿನ ಹೊಗೆಗೆ ಹೋಗಲು ಬೇರೆ ಜಾಗವಿಲ್ಲ, ಅಡಿಗೆಮನೆಗೇ ಬಂತು. ಉಷಾಳ ಒದ್ದೆ ಸೀರೆ ಬೆನ್ನಿಗಂಟಿತ್ತು. ಎದೆಯನ್ನು ಯಾರೋ ಹಗ್ಗ ಹಾಕಿ ಬಿಗಿದಂತೆ, ಪ್ರತಿ ಉಸಿರಿಗೂ ಒಂದು ಸುತ್ತು ಹೆಚ್ಚು. ಒಂದೇ ಉಸಿರಿನಲ್ಲಿ ಒಂದು ವಾಕ್ಯ ಪೂರ್ತಿ ಹೇಳಲಾಗುತ್ತದೆಯೋ ನೋಡಿಕೊಳ್ಳಿ ಎಂದಿದ್ದರು ಡಾಕ್ಟರ್. ತನ್ನ ಮನೆಯ ವಿಳಾಸವನ್ನೇ ಮೆಲ್ಲಗೆ ಹೇಳಿ ನೋಡಿದಳು. ಫ್ಲಾಟ್ ನಂಬರ್ ನಾನೂರ ಆರು ಎನ್ನುವಲ್ಲಿಗೆ ಉಸಿರು ಮುಗಿಯಿತು. ವಿಳಾಸದ ಕೊನೆಯ ಮಿಯಾಪುರ ಇನ್ನೂ ಬಹಳ ದೂರವಿತ್ತು.

"ಇಲ್ಲೆ ಬರ್ರಿ," ಎಂದಳು. ಗುರುರಾಜ ಮಡಿ ಪಂಚೆಯಲ್ಲಿ ಬಾಗಿಲಿಗೆ ಬಂದ. "ಸತ್ಯಭಾಮಾಗ... ಹೇಳಿ... ಪಂಪ್ ಕೊಡಸ್ರಿ."

"ಈಗೇನು? ಹನ್ನೊಂದಕ್ಕ ಆಚಾರ್ರು ಬರ್ತಾರ, ಎರಡಕ್ಕ ಎಲ್ಲಾ ಮುಗೀತದ. ವರ್ಷಾ ತಡಕೋತಿದ್ದೆಲ್ಲ?"

"ಆಗಂಗಿಲ್ಲ."

"ಗುರು, ಅಡಿಗಿ ಎಲ್ಲಾ ಮೈಲಿಗಿ ಆಗ್ತದ ನೋಡು," ಎಂದರು ಹಾಲಿನಿಂದ ಯಮುನಾಬಾಯಿ.

ಗುರುರಾಜ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಇಬ್ಬರಲ್ಲಿ ಯಾರಿಗೂ ಉತ್ತರ ಕೊಡದೆ ಪಾರಾಗುವ ದಾರಿ ಅವನಿಗೆ ಹೊಳೆಯಿತು. "ತಡಿ, ಆಚಾರ್ರಿಗೆ ಒಂದ ಮಾತು ಕೇಳಿಬಿಡ್ತೀನಿ. ಸತ್ಯಾ, ನನ್ನ ಫೋನ್ ಹಚ್ಚಿ ಸ್ಪೀಕರ್ ಮ್ಯಾಲೆ ಇಡು."

ಫೋನು ಹತ್ತಿತು. "ನಮಸ್ಕಾರರಿ ಆಚಾರ್ರ. ಎಲ್ಲಿದ್ದೀರಿ? ಕೂಕಟ್‌ಪಲ್ಲಿ ದಾಟಿದ್ರಿ? ಮಳಿ ಅದೇನ್ರಿ ಅಲ್ಲೆ? ಮೆಟ್ರೋಕ್ಕ ಬಂದಿದ್ರ ಚಲೋ ಇತ್ತು ನೋಡ್ರಿ..."

ಉಷಾ ಒಲೆ ಆರಿಸಿದಳು. ತನಗೆ ಉಸಿರಿಲ್ಲ, ಈ ಮನುಷ್ಯ ಮಳೆ ವಿಚಾರಿಸುತ್ತಿದ್ದಾನೆ. ಸಿಟ್ಟು ಬರಬೇಕಿತ್ತು. ಸಿಟ್ಟಿಗೆ ಬೇಕಾದಷ್ಟು ಗಾಳಿ ಅವಳಲ್ಲಿ ಇರಲಿಲ್ಲ. ತಿರಸ್ಕಾರಕ್ಕೆ ಗಾಳಿ ಬೇಡ, ಅದು ತಾನಾಗಿಯೇ ತುಂಬಿಕೊಂಡಿತು. ಹೊಸ್ತಿಲು ದಾಟಿ, ಜಪಮಣಿಯನ್ನೂ ಸೋಫಾವನ್ನೂ ದಾಟಿ ಚಪ್ಪಲಿ ಗೂಡಿನ ಬಳಿ ಹೋದಳು. ನೀಲಿ ಪಂಪನ್ನು ಅಲ್ಲಾಡಿಸಿ ಅದರ ಉದ್ದನೆಯ ಡಬ್ಬಿಗೆ ಸಿಕ್ಕಿಸಿ ಬಾಯಿಗಿಟ್ಟಳು. ಒಂದು ಒತ್ತು, ನಿಧಾನವಾಗಿ ಐದಾರು ಉಸಿರು. ಎರಡನೆಯದು. ಮೂರನೆಯದಕ್ಕೆ ಹಗ್ಗದ ಒಂದು ಸುತ್ತು ಬಿಚ್ಚಿತು.

ಆಗ ಫೋನಿನಿಂದ ಆಚಾರ್ಯರ ದನಿ ಬಂತು. "ಔಷಧಕ್ಕ ಎಂಥಾ ಎಂಜಲರಿ? ಬಾಯಿ ಮುಕ್ಕಳಿಸಿ ಕೈ ತೊಳಕೊಂಡ್ರಾತು. ಭಾಳ ತ್ರಾಸ ಇದ್ರ ಆ ತಾಯಿ ಮಲಕೊಳ್ಳಲಿ, ಇದ್ದಷ್ಟರಾಗ ಮಾಡೋಣ. ಇಷ್ಟು ವರ್ಷ ಏನ ಮಾಡ್ತಿದ್ರಿ ನೀವು?"

"ಹಂಗ... ನಡಸ್ಕೊಂಡು ಬರ್ತಿದ್ವಿರಿ," ಎಂದ ಗುರುರಾಜ. ಆಮೇಲೆ, ಬಹುಮಾನ ಘೋಷಿಸುವವನ ಮುಖ ಮಾಡಿಕೊಂಡು ಹೆಂಡತಿಯ ಕಡೆ ತಿರುಗಿದ. "ತೊಗೋ ಉಷಾ, ತೊಗೋ. ತೊಗೋಬಹುದಂತ."

ಡಬ್ಬಿ ಬಾಯಲ್ಲಿಟ್ಟುಕೊಂಡೇ ಅವಳು ಅವನನ್ನು ನೋಡಿದಳು. ಎರಡು ನಿಮಿಷದ ಫೋನು. ಅದರಲ್ಲೂ ಒಂದೂವರೆ ನಿಮಿಷ ಮಳೆ. ಹದಿನಾಲ್ಕು ತಿಥಿಗಳಲ್ಲಿ ಈ ಎರಡು ನಿಮಿಷ ಯಾರಿಗೂ ಸಿಕ್ಕಿರಲಿಲ್ಲ. ತನಗೂ ಸಿಕ್ಕಿರಲಿಲ್ಲ. ಆಚಾರ್ಯರು ಪ್ರತಿವರ್ಷ ಈ ಹಾಲಿನಲ್ಲೇ ಕೂತು ಎಲೆಯಡಿಕೆ ಹಾಕಿಕೊಂಡು ಹೋಗಿದ್ದರು. ಹತ್ತು ಹೆಜ್ಜೆ ದೂರದಲ್ಲಿ ತಾನು ಗೋಡೆ ಹಿಡಿದು ನಿಂತಿದ್ದಳು. ಬಾಯಿಬಿಟ್ಟು ಕೇಳಲು ಏನಾಗಿತ್ತು? ತಾಳಿಕೊಳ್ಳುವವಳು ಎಂಬ ಹೊಗಳಿಕೆಯ ರುಚಿ ಹತ್ತಿತ್ತು, ಅಷ್ಟೇ. ಅವಳ ತಿರಸ್ಕಾರದಲ್ಲಿ ಅವಳಿಗೇ ಸಂದ ಪಾಲೂ ಸಣ್ಣದಿರಲಿಲ್ಲ.

"ಕೇಳಿದ್ರ ಹೂಂ ಅಂತಾರ," ಎಂದರು ಯಮುನಾಬಾಯಿ ಬೇಸರದಿಂದ. "ಅದಕ್ಕ ನಾವು ಕೇಳ್ತಿದ್ದಿಲ್ಲ. ನಾ ಜ್ವರದಾಗ ಮಾಡೀನಿ, ಬಾಣಂತಿತನ ಮುಗಿಸಿ ಎದ್ದ ವಾರಕ್ಕ ಮಾಡೀನಿ. ಸತ್ತೆನೇನು?"

ಹಾಗಾದರೆ ಗೊತ್ತಿತ್ತು. ಅಪ್ಪಣೆ ಸಿಗುತ್ತದೆಂದು ಗೊತ್ತಿದ್ದೇ ಕೇಳಿರಲಿಲ್ಲ. ಮುದುಕಿಯ ಬಗ್ಗೆ ಕನಿಕರ ಬರುವ ಸೂಚನೆ ಕಂಡಿತು. ಉಷಾ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ನಾಲ್ಕನೆಯ ಸಲ ಪಂಪು ಒತ್ತಿದಳು.

ಸೀರೆ ಬದಲಿಸಿ, ಕೂದಲು ಒರೆಸಿಕೊಂಡು, ಗಡಿಯಾರ ನೋಡುತ್ತ ಇಪ್ಪತ್ತು ನಿಮಿಷ ಮಂಚದ ಮೇಲೆ ನೆಟ್ಟಗೆ ಕೂತಳು. ಊದಿದಳು. ಇನ್ನೂರ ಮೂವತ್ತು. ಇನ್ನೊಮ್ಮೆ ಊದಿದಳು. ಅಷ್ಟೇ. ಚೀಲಕ್ಕೆ ಪಂಪು, ಹಾಳೆ, ಫೋನು ಹಾಕಿಕೊಂಡು ಹೊರಬಂದಾಗ ಗುರುರಾಜ ಬಾಗಿಲಲ್ಲೇ ನಿಂತಿದ್ದ.

"ಆರಾಮಾತಲ್ಲ? ಮತ್ತ ಸ್ನಾನ ಮಾಡಿಬಿಡು. ವಡಿ ಅಷ್ಟ ಉಳದದ."

"ಡಾಕ್ಟರ್ ಕಡೆ ಹೊಂಟೀನಿ."

"ಈಗ? ಆಚಾರ್ರು ಬರೋ ಹೊತ್ತಿನ್ಯಾಗ? ವಡಿ ಯಾರು ಕರೀಬೇಕು?"

ಉಷಾ ಮಾತನ್ನು ತುಂಡು ತುಂಡಾಗಿ, ಆದರೆ ಒಂದೂ ಬಿಡದೆ ಹೇಳಿದಳು. "ತಿಥಿ ನಿಮ್ಮಪ್ಪಂದು. ಗೋತ್ರ ನಿಮ್ಮದು. ಮಡಿನೂ... ಉಟ್ಟೀರಿ. ಎಣ್ಣಿ ಒಲಿ ಮ್ಯಾಲದ. ಕರೀರಿ."

"ನನಗ ಬರ್ತದೇನು ಅದೆಲ್ಲ?"

"ವೈನಿ, ಗಂಡಸರಿಗೆ ಹಿಂಗ ಅನ್ನಬಾರದ್ರಿ," ಎಂದಳು ಸತ್ಯಭಾಮಾ ಸೋಫಾದಿಂದ, ಮೂಗೊರೆಸಿಕೊಳ್ಳುತ್ತ.

"ನೀನು ಹೇಳಿಕೊಡು. ಹೇಳಲಿಕ್ಕ ಗೋತ್ರ ಬೇಕಾಗಿಲ್ಲ."

ಲಿಫ್ಟ್ ಬಂತು. ಕೆಳಗೆ ಆಟೋ ಸಿಕ್ಕಿತು. ಡಾಕ್ಟರ್ ಶ್ರೀಲಕ್ಷ್ಮಿ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಹೆಚ್ಚು ಮಾತಾಡಿಸದೆ ನೆಬುಲೈಸರ್ ಹಚ್ಚಲು ಹೇಳಿದರು. "ಈಸಾರಿ ಟೈಮ್‌ಕಿ ವಚ್ಚಾರು," ಎಂದರು ತೆಲುಗಿನಲ್ಲಿ, ಈ ಸಲ ಹೊತ್ತಿಗೆ ಸರಿಯಾಗಿ ಬಂದಿರಿ ಎಂದು. ನರ್ಸು ಮಾಸ್ಕು ತರಲು ಹೋದಾಗ ಫೋನು ರಿಂಗಾಯಿತು.

"ಉಷಾ," ಗುರುರಾಜನ ದನಿಯ ಹಿಂದೆ ಎಣ್ಣೆಯ ಚಟಪಟ ಕೇಳುತ್ತಿತ್ತು, ಅದರ ಹಿಂದೆ ತಾಯಿ ಮಗಳ ಜಗಳ. "ವಡಿ ಹಿಟ್ಟಿಗೆ ಉಪ್ಪು ಹಾಕೀಯೋ ಇಲ್ಲೋ? ರುಚಿ ನೋಡೂಹಂಗಿಲ್ಲಲ್ಲ, ಎಂಜಲಾಗ್ತದ."

ಹಾಕಿರಲಿಲ್ಲ. ಅವಳಿಗೆ ಚೆನ್ನಾಗಿ ನೆನಪಿತ್ತು.

"ತಿಳೀಲಿಲ್ಲಂದ್ರ," ಎಂದು ನಿಂತು, ಉಸಿರೆಳೆದುಕೊಂಡು, "ಆಚಾರ್ರಿಗೆ ಕೇಳ್ರಿ" ಎಂದಳು. ಫೋನು ಇಟ್ಟು, ನರ್ಸು ಚಾಚಿದ ಮಾಸ್ಕಿಗೆ ಮುಖ ಕೊಟ್ಟಳು.